ಹೋದವರ ಕೋಣೆ

ಹೋಟೆಲಿನ ತಕರಾರು ಪುರಸಭೆಗೆ ಬಂದ ವರ್ಷ ನಾನು ಮೇಲುಬೀದಿಯ ಸದಸ್ಯೆಯಾಗಿದ್ದೆ. ಸದಸ್ಯೆಯಾದದ್ದು ಜನ ಮೆಚ್ಚಿಯೇನಲ್ಲ. ನಮ್ಮ ಬೀದಿಯಲ್ಲಿ ಚುನಾವಣೆಗೆ ನಿಲ್ಲುವಷ್ಟು ಬಿಡುವಿದ್ದವಳು ನಾನೊಬ್ಬಳೇ. ನನ್ನ ಹಿಟ್ಟಿನ ಗಿರಣಿ ಮಧ್ಯಾಹ್ನಕ್ಕೆಲ್ಲ ನಿಲ್ಲುತ್ತಿತ್ತು. ಆಮೇಲೆ ಮನೆಗೆ ಹೋದರೆ ಮಾಡುವುದಕ್ಕೆ ಕೆಲಸವಿಲ್ಲ, ಮಾತಿಗೆ ಜನವಿಲ್ಲ. ಸಭೆಯ ದಿನ ಟೀ ಕೊಡುತ್ತಾರೆ, ಅಕ್ಕಪಕ್ಕದಲ್ಲಿ ಯಾರಾದರೂ ಕೂತಿರುತ್ತಾರೆ ಅನ್ನುವುದೇ ನನಗೆ ಸಾಕಾಗಿತ್ತು.

ನಮ್ಮೂರಿನಲ್ಲಿ ಮನೆ ಬಿಟ್ಟು ಯಾರಾದರೂ ಹೋದರೆ ಆ ಮನೆಗೆ ಒಂದು ಕೋಣೆ ಬರುತ್ತದೆ. ಸತ್ತು ಹೋದರೂ ಬರುತ್ತದೆ, ಮದುವೆಯಾಗಿ ಹೋದರೂ ಬರುತ್ತದೆ, ಜಗಳವಾಡಿಕೊಂಡು ಹೋದರೂ ಬರುತ್ತದೆ. ಬೆಳಿಗ್ಗೆ ಎದ್ದು ಕಸ ಗುಡಿಸುವಾಗ, ನಿನ್ನೆ ಬರೀ ಗೋಡೆ ಇದ್ದ ಕಡೆ ಒಂದು ಬಾಗಿಲು ಕಾಣುತ್ತದೆ. ಅದನ್ನು ನೋಡಿ ಯಾರೂ ಬೆಚ್ಚುವುದಿಲ್ಲ. ಹೊಸ್ತಿಲು ತೊಳೆದು ಅರಿಸಿನ ಹಚ್ಚಿ, ನಾಲ್ಕು ದಿನ ಅತ್ತು, ಆಮೇಲೆ ಒಳಗೆ ಮೆಣಸಿನಕಾಯಿ ಹರಡುತ್ತಾರೆ. ತೆಂಗಿನಕಾಯಿ ರಾಶಿ ಹಾಕುತ್ತಾರೆ. ಮೇಕೆ ಕಟ್ಟುವವರೂ ಇದ್ದಾರೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಮುಟ್ಟುವ ಮೊದಲೇ ಕೈಕಾಲು ತೊಳೆಯುವ ನೆಪ ಮಾಡಿ ಹಿಂದೆ ಹೋಗಿ ಎಷ್ಟು ಬಾಗಿಲಿವೆ ಎಂದು ನೋಡಿ ಬರುತ್ತಾರೆ. ಬೇರೆ ಊರುಗಳಲ್ಲಿ ದೊಡ್ಡ ಮನೆಯವರು ಅಂದರೆ ಗೌರವವಂತೆ. ನಮ್ಮಲ್ಲಿ ಅದು ‘ಅಯ್ಯೋ ಪಾಪ’ ಅನ್ನುವ ಜಾಗದಲ್ಲಿ ಬಳಸುವ ಮಾತು.

ದೂರದೂರಿಗೆ ಹೋದವರಿದ್ದರೆ ಮನೆಯ ಹೆಂಗಸರು ಬೆಳಿಗ್ಗೆ ಎದ್ದ ಕೂಡಲೇ ಹಿಂಬದಿಯ ಗೋಡೆಗೆ ಕೈ ಇಟ್ಟು ನೋಡುತ್ತಾರೆ. ಗೋಡೆ ಗೋಡೆಯಾಗಿಯೇ ಇದ್ದರೆ ಹೋದವನು ತಿರುಗಿ ಬರುತ್ತಾನೆ. ಬಾಗಿಲು ಬಂದಿದ್ದರೆ, ಅಲ್ಲಿ ಅವನಿಗೆ ಏನೋ ಆಗಿದೆ, ಇಲ್ಲವೇ ಮನಸ್ಸು ತಿರುಗಿದೆ. ಫೋನು ಬರುವ ಮೊದಲೇ ಕೋಣೆ ಬಂದಿರುತ್ತದೆ.

ಕೋಣೆಗಳು ಯಾವಾಗಲೂ ಹಿತ್ತಿಲ ಕಡೆಗೇ ಬೆಳೆಯುತ್ತವೆ. ತಮ್ಮ ಹಿತ್ತಿಲು ಮುಗಿದರೆ ಪಕ್ಕದವರ ಹಿತ್ತಿಲು. ಇದಕ್ಕೆ ಯಾರೂ ಕೋರ್ಟಿಗೆ ಹೋದದ್ದಿಲ್ಲ. ಇನ್ನೊಬ್ಬರ ಮನೆಯ ಸಾವಿನ ಮೇಲೆ ದಾವೆ ಹೂಡುವುದು ಹೇಗೆ? ಪಕ್ಕದ ಮನೆಯ ಅಜ್ಜ ತೀರಿಕೊಂಡನೆಂದು ನಾವು ನಮ್ಮ ನಿಂಬೆಗಿಡ ಕಳೆದುಕೊಳ್ಳುತ್ತೇವೆ, ನಮ್ಮ ಮಗಳ ಮದುವೆಗೆ ಅವರು ತಮ್ಮ ಬಟ್ಟೆ ಒಗೆಯುವ ಕಲ್ಲು ಕಳೆದುಕೊಳ್ಳುತ್ತಾರೆ. ಹೀಗೆ ನಡೆದುಕೊಂಡು ಬಂದಿತ್ತು.

ಮೇಲುಬೀದಿಯ ಮೂಲೆಯಲ್ಲಿ ಶಾನುಭೋಗರ ಮನೆ ಇತ್ತು. ಒಂದು ಕಾಲಕ್ಕೆ ತುಂಬಿ ತುಳುಕಿದ ವಂಶ, ಹಂಚಿಹೋಗಿ, ಚದುರಿಹೋಗಿ, ಸತ್ತು, ಕೊನೆಗೆ ಒಬ್ಬ ಅಜ್ಜಿ ಮಾತ್ರ ಉಳಿದಿದ್ದರು. ಅಷ್ಟು ಹೊತ್ತಿಗೆ ಆ ಮನೆಗೆ ಎಷ್ಟು ಕೋಣೆಗಳಿದ್ದುವೆಂದು ಅವರಿಗೇ ಗೊತ್ತಿರಲಿಲ್ಲ. ಬೆಕ್ಕು ಕಳೆದುಹೋದರೆ ವಾರಗಟ್ಟಲೆ ಹುಡುಕುತ್ತಿದ್ದರು. ಅವರು ತೀರಿಕೊಂಡಾಗ ಮಾತ್ರ ಕೋಣೆ ಬರಲಿಲ್ಲ. ಅದು ಯಾಕೆಂದು ಆಗ ನಾವು ಯೋಚಿಸಲೂ ಇಲ್ಲ. ಮನೆಗೆ ಬೀಗ ಬಿತ್ತು.

ಆ ಮನೆಗೆ ಗೋಡೆ ಅಂಟಿಕೊಂಡೇ ಸೂರಪ್ಪನವರ ಮನೆ. ಅದು ಒಂದೇ ಕೋಣೆಯ ಮನೆ. ಸೂರಪ್ಪ, ಅವರ ಹೆಂಡತಿ ಸಣ್ಣಕ್ಕ, ಮದುವೆಯಿಲ್ಲದೆ ಉಳಿದ ತಮ್ಮ ಬೋರಣ್ಣ, ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಎಲ್ಲರೂ ಅದೇ ಒಂದರಲ್ಲಿ. ಸೂರಪ್ಪನವರ ಅಪ್ಪ ಅವ್ವ ಇನ್ನೂ ಬೇರೆ ಕಡೆ ಇದ್ದಾಗಲೇ ಹೋಗಿದ್ದರಿಂದ, ಈ ಮನೆ ಕಟ್ಟಿದ ಮೇಲೆ ಇದರಿಂದ ಒಬ್ಬರೂ ಹೋಗಿರಲಿಲ್ಲ. ಹೆಣ್ಣುಮಕ್ಕಳು ಹುಟ್ಟಲಿಲ್ಲ, ಗಂಡುಮಕ್ಕಳು ಊರು ಬಿಡಲಿಲ್ಲ. ರಾತ್ರಿ ಮಗ್ಗುಲು ಬದಲಿಸಬೇಕಾದರೆ ಎಲ್ಲರೂ ಒಟ್ಟಿಗೇ ಬದಲಿಸುತ್ತಾರೆಂದು ಊರು ನಗುತ್ತಿತ್ತು. ನಗುವುದರಲ್ಲಿ ಹೊಟ್ಟೆಕಿಚ್ಚೂ ಇತ್ತು. ಅವರ ಹಿತ್ತಿಲು ಊರಿಗೇ ಅಗಲವಾದದ್ದು. ಬಾವಿ, ನುಗ್ಗೆಮರ, ಅವರೆಚಪ್ಪರ, ಒಂದು ಎಮ್ಮೆ.

ಮುಕುಂದ ಪ್ರಭುಗಳು ಕರಾವಳಿಯ ಕಡೆಯಿಂದ ಬಂದವರು. ಗುಡ್ಡದ ಬಿಸಿನೀರಿನ ಬುಗ್ಗೆಗೆ ಹೊಸ ರಸ್ತೆಯಾದ ಮೇಲೆ ನಮ್ಮೂರಿಗೆ ಹೊರಗಿನವರು ಬರತೊಡಗಿದ್ದರು. ಇಳಿದುಕೊಳ್ಳಲು ಜಾಗವಿಲ್ಲದೆ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಟವೆಲು ಹಾಸಿಕೊಂಡು ಮಲಗುತ್ತಿದ್ದರು. ಪ್ರಭುಗಳು ಶಾನುಭೋಗರ ಮನೆಯನ್ನು ಒಂದು ಇಡೀ ಬೆಳಿಗ್ಗೆ ಸುತ್ತಿ ನೋಡಿ, ತಲೆಗೂದಲಲ್ಲಿ ಜೇಡರ ಬಲೆ ಮೆತ್ತಿಸಿಕೊಂಡು ಹೊರಗೆ ಬಂದು, ಇಷ್ಟು ಕೋಣೆ ಕಟ್ಟಿಸಬೇಕಾದರೆ ತಮ್ಮ ಒಂದು ಜನ್ಮ ಸಾಲದು ಅಂದರಂತೆ. ಅದನ್ನು ಹೋಟೆಲು ಮಾಡುತ್ತೇನೆಂದು ಅರ್ಜಿ ಹಾಕಿದರು. ಪುರಸಭೆ ಒಪ್ಪಿತು. ಸೂರಪ್ಪ ಮೇಲ್ಮನವಿ ಹಾಕಿದರು.

ವಿಚಾರಣೆಗೆ ಮುಂಚೆ ಇಬ್ಬರೂ ನನ್ನ ಗಿರಣಿಗೆ ಬಂದು ಹೋದರು. ಸೂರಪ್ಪ ಬಂದದ್ದು ರಾಗಿ ಬೀಸಿಸುವ ನೆಪದಲ್ಲಿ. ಅವರ ಮಾತು ನೇರ. ಹೋಟೆಲಿಗೆ ಬಂದವನು ಬೆಳಿಗ್ಗೆ ಎದ್ದು ಹೋಗುತ್ತಾನೆ, ಹೋದವನಿಗೆ ಕೋಣೆ ಬರುತ್ತದೆ, ದಿನವೂ ಬರುತ್ತದೆ. ಮೊದಲು ತಮ್ಮ ಹಿತ್ತಿಲು, ಆಮೇಲೆ ಬೀದಿ, ಆಮೇಲೆ ಊರು. “ನೀನೂ ನಮ್ಮ ಬೀದಿಯೋಳು ಕಣಮ್ಮ, ಕೈ ಬಿಡಬೇಡ,” ಅಂದರು. ಹಬ್ಬಕ್ಕೆ ಒಬ್ಬಟ್ಟು ಮಾಡಿದರೆ ಸಣ್ಣಕ್ಕ ನನಗೆ ಕಳಿಸುವುದನ್ನು ಮರೆತವರಲ್ಲ. ಆ ಋಣ ನನ್ನ ಮೇಲಿತ್ತು.

ಪ್ರಭುಗಳು ಬಂದಾಗ ಹಿಟ್ಟಿನ ಧೂಳಿಗೆ ಕರವಸ್ತ್ರ ಅಡ್ಡ ಹಿಡಿಯಲಿಲ್ಲ, ಅದು ನನಗೆ ಹಿಡಿಸಿತು. ಹೆಚ್ಚು ಒತ್ತಾಯವನ್ನೂ ಮಾಡಲಿಲ್ಲ. ಬೀದಿಯಲ್ಲಿ ನಾಲ್ಕು ಜನ ಓಡಾಡಿದರೆ ಗಿರಣಿಗೂ ಒಳ್ಳೆಯದಲ್ಲವೇ ಅಂದರು. ಗಿರಣಿಯ ಮಾತು ಹಾಗಿರಲಿ, ನಾಲ್ಕು ಜನ ಓಡಾಡುತ್ತಾರೆ ಅಂದದ್ದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಸಂಜೆ ಜಗಲಿಯ ಮೇಲೆ ಕೂತರೆ ಗುರುತಿಲ್ಲದ ಮುಖಗಳು ಹಾದುಹೋಗುತ್ತವೆ, ಯಾರೋ ದಾರಿ ಕೇಳುತ್ತಾರೆ. ನಿಜ ಹೇಳುತ್ತೇನೆ, ನನಗೆ ಹೋಟೆಲು ಬೇಕಾಗಿತ್ತು.

ವಿಚಾರಣೆಯ ದಿನ ಸಭಾಂಗಣದ ಕಿಟಕಿಗಳಲ್ಲೆಲ್ಲ ಜನ. ಅಧ್ಯಕ್ಷ ತೋಂಟದಾರ್ಯರು ಯಾರಿಗೂ ನೋವಾಗದಂತೆ ನಡೆಯುವ ಮನುಷ್ಯ, ಆದ್ದರಿಂದ ಯಾವ ವಿಷಯವೂ ಅವರ ಕೈಯಲ್ಲಿ ಬೇಗ ಮುಗಿಯುತ್ತಿರಲಿಲ್ಲ. ಸದಸ್ಯರಲ್ಲಿ ಅರ್ಧ ಆ ಕಡೆ, ಅರ್ಧ ಈ ಕಡೆ. ಸೂರಪ್ಪ ತಮ್ಮ ವಾದ ಹೇಳಿ ಕೂತರು. ಪ್ರಭುಗಳು ಎದ್ದು, ಆಸ್ಪತ್ರೆಯಿಂದ ದಿನಾ ಜನ ಹೋಗುತ್ತಾರೆ, ಸ್ಕೂಲಿನಿಂದ ವರ್ಷಾವರ್ಷ ಮಕ್ಕಳು ಹೋಗುತ್ತಾರೆ, ಅವೆರಡೂ ಕಟ್ಟಿದಷ್ಟೇ ಇವೆಯಲ್ಲ ಅಂದರು. ಆಸ್ಪತ್ರೆ, ಸ್ಕೂಲು ಮನೆಯಲ್ಲ, ಶಾನುಭೋಗರದು ಮನೆ, ಮನೆಯಲ್ಲಿ ಉಂಡು ಮಲಗಿದವನು ಮನೆಯವನೇ ಎಂದು ಸೂರಪ್ಪ ಕೂತಲ್ಲಿಂದಲೇ ಅಂದರು. ವಾದ ಹೀಗೇ ತಿರುಗಿ ತಿರುಗಿ ಅಲ್ಲಿಗೇ ಬರುತ್ತಿತ್ತು. ಕೊನೆಗೆ ಪ್ರಭುಗಳು ಒಂದೇ ಮಾತು ಕೇಳಿದರು.

“ನಾಲ್ಕು ದಿನ ಇದ್ದು ಹೋದ ನೆಂಟನಿಗೋ ಅತಿಥಿಗೋ ಕೋಣೆ ಬಂದದ್ದು ಈ ಊರಲ್ಲಿ ಯಾರಾದರೂ ಕಂಡದ್ದುಂಟಾ? ಒಂದೇ ಒಂದು ಮನೆ ತೋರಿಸಿ ಸಾಕು. ನಾನು ಇವತ್ತೇ ಗಂಟುಮೂಟೆ ಕಟ್ಟುತ್ತೇನೆ.”

ಸೂರಪ್ಪ ಸುತ್ತ ನೋಡಿದರು. ಕಿಟಕಿಯ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊರೆಲ್ಲ ಒಬ್ಬರ ಕೋಣೆಯ ಲೆಕ್ಕ ಒಬ್ಬರಿಗೆ ಗೊತ್ತಿರುವ ಊರು ಅದು. ಅಂಥ ಕೋಣೆ ಯಾರ ನೆನಪಿಗೂ ಬರಲಿಲ್ಲ. ಸೂರಪ್ಪ ಕೊನೆಗೆ ನನ್ನ ಕಡೆ ನೋಡಿದರು. ಸುಮ್ಮನಿದ್ದರೆ ನನಗೆ ಬೇಕಾದದ್ದೇ ಆಗುತ್ತಿತ್ತು.

“ನಮ್ಮನೇಲಿ ಐತೆ,” ಅಂದೆ.

ನನ್ನ ಮನೆಗೆ ಮೂರು ಕೋಣೆ ಬಂದಿವೆಯೆಂದು ಊರು ತಿಳಿದಿತ್ತು. ಮಾವನದು, ಅತ್ತೆಯದು, ನನ್ನ ಯಜಮಾನರದು. ಮದುವೆಯಾಗಿ ಎರಡು ವರ್ಷಕ್ಕೆ ಅವರು ಹಾವು ಕಚ್ಚಿ ಹೋದರು. ಅದು ಎಲ್ಲರಿಗೂ ಗೊತ್ತಿದ್ದ ದುಃಖ, ಎಲ್ಲರೂ ಬಂದು ಅತ್ತು ಹೋದ ದುಃಖ. ಅದರಾಚೆ ಇನ್ನೊಂದು ಬಾಗಿಲಿತ್ತು. ಅದು ಬಂದ ಮೇಲೆ ನಾನು ಯಾರನ್ನೂ ನಡುಮನೆ ದಾಟಿ ಬಿಟ್ಟುಕೊಂಡಿರಲಿಲ್ಲ. ಹಾಲಿನವಳನ್ನೂ ಬಾಗಿಲಲ್ಲೇ ನಿಲ್ಲಿಸುತ್ತಿದ್ದೆ. ಗಿರಣಿ ದಾಕ್ಷಾಯಿಣಿಗೆ ವಯಸ್ಸಾಗುತ್ತಾ ಮಡಿ ಜಾಸ್ತಿಯಾಯಿತು ಎಂದುಕೊಂಡರು.

ಈ ತಕರಾರಿಗೆ ಕೆಲವು ವರ್ಷ ಮೊದಲು ಗಿರಣಿಗೆ ಹೊಸ ಎಂಜಿನ್ ಕೂರಿಸಲು ಮೌನೇಶಾಚಾರ್ ಅನ್ನುವ ಮೆಕ್ಯಾನಿಕ್ ಬಂದಿದ್ದರು. ಒಂದೇ ದಿನದ ಕೆಲಸ ಅಂದುಕೊಂಡಿದ್ದು, ಒಂದು ಸಾಮಾನು ತಪ್ಪು ಅಳತೆಯದು ಬಂದು, ಸರಿಯಾದದ್ದು ಬರುವ ತನಕ ಕಾಯಬೇಕಾಯಿತು. ಊರಲ್ಲಿ ಲಾಡ್ಜಿಲ್ಲ. ನಮ್ಮ ಜಗಲಿಯ ಮೇಲೆ ಮಲಗಿದರು. ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಬೆಳಿಗ್ಗೆ ನಾನು ಮುದ್ದೆ ತಿರುವುವಾಗ ಅವರು ಹೊರಗೆ ಕೂತು ಹಲ್ಲುಜ್ಜುತ್ತಾ ಏನೋ ಗುನುಗುತ್ತಿದ್ದರು. ಬಾವಿಯ ರಾಟೆ ಕಿರುಗುಟ್ಟುತ್ತಿದ್ದುದನ್ನು ನಾನು ಹೇಳದೆಯೇ ಎಣ್ಣೆ ಬಿಟ್ಟು ಸರಿಮಾಡಿದರು. ಉಣ್ಣುವಾಗ, ನೀವೂ ಕೂತ್ಕೊಳ್ಳಿ, ಒಬ್ಬನೇ ಉಂಡರೆ ನನಗೆ ಸೇರಲ್ಲ ಅಂದರು. ಎಷ್ಟೋ ವರ್ಷದ ಮೇಲೆ ನಾನು ಇನ್ನೊಬ್ಬರ ಎದುರಿಗೆ ಕೂತು ಉಂಡೆ. ಸಾರಿಗೆ ಉಪ್ಪು ಕಮ್ಮಿ ಅಂತ ಒಬ್ಬರು ಹೇಳಿದರು, ನಾನು ಎದ್ದು ಹೋಗಿ ಉಪ್ಪು ತಂದೆ. ಇಷ್ಟೇ. ಎಂಜಿನ್ ಶುರುವಾದ ದಿನ ಪೆಟ್ಟಿಗೆ ಎತ್ತಿಕೊಂಡು, ಶ್ರಾವಣದಲ್ಲಿ ಈ ಕಡೆ ಕೆಲಸವಿದೆ, ಬರ್ತೀನಿ ಅಂದರು. ಮಾತಿಗೆ ಅಂದದ್ದಲ್ಲ, ಹೌದೆಂದೇ ಅಂದದ್ದು. ನಾನು ದಿನಾ ಬೆಳಿಗ್ಗೆ ಹಿಂಬದಿಯ ಗೋಡೆಗೆ ಕೈ ಇಟ್ಟು ನೋಡತೊಡಗಿದೆ. ಸುಣ್ಣ ಬಳಿದ ತಣ್ಣನೆಯ ಗೋಡೆ. ಅದು ಹಾಗೇ ಇದ್ದಷ್ಟು ದಿನ ನಾನು ಸಂತೋಷವಾಗಿದ್ದೆ. ಆಷಾಢ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಕೈಗೆ ಮರದ ಹಲಗೆ ಸಿಕ್ಕಿತು. ಅವರು ಸತ್ತರೋ, ಮನಸ್ಸು ಬದಲಿಸಿದರೋ, ಇಲ್ಲಿಯವರೆಗೆ ನನಗೆ ತಿಳಿಯದು. ಯಾರನ್ನು ಕೇಳಲಿ, ನಾನು ಅವರಿಗೆ ಏನಾಗಬೇಕೆಂದು ಹೇಳಿಕೊಂಡು ಕೇಳಲಿ?

ಇದನ್ನೆಲ್ಲ ನಾನು ಸಭೆಯಲ್ಲಿ ಹೇಳಲಿಲ್ಲ. ಗಿರಣಿಯ ಕೆಲಸಕ್ಕೆ ಬಂದವರೊಬ್ಬರು ಜಗಲಿಯ ಮೇಲೆ ಮಲಗಿ ಹೋದರು, ಅವರಿಗೆ ಕೋಣೆ ಬಂತು ಅಂದೆ. ಕಿಟಕಿಯಲ್ಲಿ ಯಾರೋ ಕೆಮ್ಮಿದರು. ತೋಂಟದಾರ್ಯರು ನನ್ನ ಮುಖ ನೋಡಲಾರದೆ, ಸ್ಥಳ ಪರಿಶೀಲನೆ ಮಾಡಬೇಕಾಗುತ್ತದೆ ಎಂದು ಮೇಜಿಗೆ ಹೇಳಿದರು.

ಹಾಡುಹಗಲಲ್ಲಿ ಇಡೀ ಪುರಸಭೆ ನನ್ನ ಮನೆಗೆ ನಡೆದು ಬಂತು. ಹಿಂದೆ ಊರು. ನಾನೇ ಬೀಗ ತೆಗೆದೆ. ಮಾವನ ಕೋಣೆಯಲ್ಲಿ ಹಳೆಯ ಗೋಣಿಚೀಲಗಳಿದ್ದುವು, ಅತ್ತೆಯದರಲ್ಲಿ ಹುಣಿಸೆಹಣ್ಣು, ಯಜಮಾನರದರಲ್ಲಿ ಅವರ ಸೈಕಲ್ಲು ಮತ್ತು ಸೌದೆ. ನಾಲ್ಕನೆಯ ಬಾಗಿಲು ತೆಗೆದೆ. ಒಳಗೆ ಏನೂ ಇರಲಿಲ್ಲ. ಸಣ್ಣ ಕೋಣೆ, ಒಂದು ಕಿಟಕಿ, ದಿನವೂ ಸಾರಿಸಿದ ನೆಲ. ನಾನು ಅದರಲ್ಲಿ ಒಂದು ಕಡ್ಡಿಯನ್ನೂ ಇಟ್ಟಿರಲಿಲ್ಲ. ಪ್ರಭುಗಳು ಚಪ್ಪಲಿ ಬಿಟ್ಟು ಒಳಗೆ ಹೋಗಿ, ನಡುವೆ ನಿಂತು, ನಾಲ್ಕೂ ಗೋಡೆ ನೋಡಿ ಹೊರಗೆ ಬಂದರು. ಗೆದ್ದೆವೆಂದು ಸೂರಪ್ಪ ಉಸಿರು ಬಿಟ್ಟದ್ದು ನನ್ನ ಹಿಂದೆ ಕೇಳಿಸಿತು.

ಪ್ರಭುಗಳು ಗಂಟುಮೂಟೆಯ ಮಾತೆತ್ತಲಿಲ್ಲ. ನನ್ನ ಹತ್ತಿರ ಬಂದು, ಬೇರೆಯವರಿಗೆ ಕೇಳಿಸಬಾರದೆನ್ನುವಷ್ಟು ತಗ್ಗಿದ ದನಿಯಲ್ಲಿ ಕೇಳಿದರು. ಆದರೆ ಆ ಹೊತ್ತಿಗೆ ಅಲ್ಲಿ ಒಂದು ಇರುವೆ ಓಡಾಡಿದರೂ ಕೇಳಿಸುತ್ತಿತ್ತು.

“ಅಮ್ಮಾ, ತಪ್ಪು ತಿಳಿಯಬೇಡಿ. ನೀವು ಅವರಿಗಾಗಿ ಕಾದಿರಾ?”

ಸುಳ್ಳು ಹೇಳಬಹುದಿತ್ತು. ಇಲ್ಲ ಅಂದಿದ್ದರೆ ಸೂರಪ್ಪ ಗೆಲ್ಲುತ್ತಿದ್ದರು, ನನ್ನ ಮಾನವೂ ಅಷ್ಟಿಷ್ಟು ಉಳಿಯುತ್ತಿತ್ತು. ಆ ಸಾರಿಸಿದ ನೆಲದ ಎದುರು ನಿಂತು ಇಲ್ಲ ಅನ್ನುವುದಕ್ಕೆ ಬಾಯಿ ಬರಲಿಲ್ಲ.

“ಕಾದೆ,” ಅಂದೆ.

ಅವರು ತಲೆ ಆಡಿಸಿದರು. ಆಮೇಲೆ ಅಧ್ಯಕ್ಷರ ಕಡೆ ತಿರುಗಿ ನಿಧಾನವಾಗಿ ಬಿಡಿಸಿ ಹೇಳಿದರು. ಶಾನುಭೋಗರ ಕೊನೆಯ ಅಜ್ಜಿಗೆ ಯಾಕೆ ಕೋಣೆ ಬರಲಿಲ್ಲ? ಕಾಯುವವರು ಒಳಗೆ ಯಾರೂ ಉಳಿದಿರಲಿಲ್ಲ. ಈ ಅಮ್ಮನ ಮನೆಗೆ ಯಾಕೆ ಬಂತು? ಕಾಯುವವರು ಇದ್ದರು. “ನಾನು ನಡೆಸುವುದು ಹೋಟೆಲು, ಸ್ವಾಮೀ. ಬಂದವರಿಗೆ ನಗುಮುಖ ತೋರಿಸ್ತೇವೆ, ಹೋದವರ ಹಾಸಿಗೆ ಬಟ್ಟೆ ಬದಲಿಸ್ತೇವೆ. ಅಲ್ಲಿ ಯಾರೂ ಯಾರಿಗೂ ಕಾಯುವುದಿಲ್ಲ. ಮೂವತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ, ನನ್ನ ಮಾತು ನಂಬಿ.” ಕೊನೆಯ ಮಾತು ಹೇಳುವಾಗ ಅವರ ದನಿಯಲ್ಲಿ ಗೆದ್ದವರ ಗತ್ತೇನೂ ಇರಲಿಲ್ಲ.

ಜನಕ್ಕೆ ಅದು ಥಟ್ಟನೆ ಅರ್ಥವಾಯಿತು. ಇಷ್ಟು ತಲೆಮಾರು ಕೋಣೆಗಳ ನಡುವೆ ಬದುಕಿದರೂ ನಮಗೆ ಹೊಳೆಯದ್ದನ್ನು ಹೊರಗಿನವರೊಬ್ಬರು ನನ್ನ ನಡುಮನೆಯಲ್ಲಿ ನಿಂತು ಹೇಳಿದ್ದರು. ಅಂದೇ ಮತಕ್ಕೆ ಹಾಕಿದರು. ನಾನು ಸೂರಪ್ಪನವರ ಪರ ಕೈ ಎತ್ತಿದೆ. ಅವರ ಕಡೆ ಇದ್ದವರಲ್ಲಿ ಇಬ್ಬರು ಪ್ರಭುಗಳ ಕಡೆ ಹೋಗಿಬಿಟ್ಟಿದ್ದರು. ಮೇಲ್ಮನವಿ ಬಿದ್ದುಹೋಯಿತು. ಒಂದೇ ಒಂದು ಕೋಣೆ ಹೆಚ್ಚಾದರೂ ಹೋಟೆಲು ಮುಚ್ಚಬೇಕೆಂಬ ಷರತ್ತು ಹಾಕಿ ತೋಂಟದಾರ್ಯರು ಎರಡೂ ಕಡೆಯವರ ಮನಸ್ಸು ಉಳಿಸಿದೆನೆಂದುಕೊಂಡರು. ಸೂರಪ್ಪ ನನ್ನನ್ನು ದಾಟಿಕೊಂಡು ಹೋದರು. ಬೈಯಲಿಲ್ಲ. ಆ ವರ್ಷ ಹಬ್ಬಕ್ಕೆ ಒಬ್ಬಟ್ಟು ಬರಲಿಲ್ಲ.

ಊರು ನನ್ನ ಬಗ್ಗೆ ಆಡಿಕೊಂಡದ್ದು ಸ್ವಲ್ಪ ದಿನ. ಆಮೇಲೆ ಹೋಟೆಲು ಶುರುವಾಯಿತು, ಆಡಿಕೊಳ್ಳಲು ಹೊಸ ವಿಷಯಗಳು ಸಿಕ್ಕವು. ಸಂಜೆ ಜಗಲಿಯ ಮೇಲೆ ಕೂತರೆ ನಾನು ಬಯಸಿದಂತೆಯೇ ಗುರುತಿಲ್ಲದ ಮುಖಗಳು ಹಾದುಹೋಗುತ್ತಿದ್ದುವು. ಕೆಲವರು ದಾರಿ ಕೇಳುತ್ತಿದ್ದರು. ಹೇಳುತ್ತಿದ್ದೆ. ಮಾರನೆಯ ದಿನ ಅವರು ಇರುತ್ತಿರಲಿಲ್ಲ, ಬೇರೆಯವರು ಅದೇ ದಾರಿ ಕೇಳುತ್ತಿದ್ದರು. ಹೋಟೆಲಿಗೆ ಒಂದು ಕೋಣೆಯೂ ಹೆಚ್ಚಾಗಲಿಲ್ಲ. ಸೂರಪ್ಪ ದಿನಾ ಬೆಳಿಗ್ಗೆ ಹಿತ್ತಿಲಲ್ಲಿ ನಿಂತು ಆ ಕಡೆಯ ಗೋಡೆಯನ್ನು ನೋಡುತ್ತಿದ್ದರಂತೆ. ಗೋಡೆ ಒಂದು ಅಂಗುಲವೂ ಸರಿದಿರಲಿಲ್ಲ.

ಪ್ರಭುಗಳು ಬೋರಣ್ಣನಿಗೆ ಹೋಟೆಲಿನಲ್ಲಿ ಕೆಲಸ ಕೊಟ್ಟರು. ಅಣ್ಣನಿಗೆ ಇಷ್ಟವಿರಲಿಲ್ಲ, ಆದರೆ ಕೂಡಿದ ಮನೆಯಲ್ಲಿ ಕೂತು ಉಣ್ಣುವ ಸಂಕಟ ಬೋರಣ್ಣನಿಗೇ ಗೊತ್ತು. ಬಂದವರ ಪೆಟ್ಟಿಗೆ ಹೊರುವುದು, ಬಿಸಿನೀರು ಕೊಡುವುದು. ಐವತ್ತು ದಾಟಿದ, ಊರಿನ ಎಲ್ಲೆ ದಾಟದ ಮನುಷ್ಯ. ಬೇಸಗೆಯಲ್ಲಿ ಜಾತ್ರೆಯಿಂದ ಜಾತ್ರೆಗೆ ಸ್ಟೀಲು ಪಾತ್ರೆ ಮಾರುವ ಒಬ್ಬ ಮುದುಕ ಬಂದು ಇಳಿದ. ಅವನ ಜೊತೆ ಹರಟುತ್ತಾ ಕೂರುವುದು ಬೋರಣ್ಣನಿಗೆ ರೂಢಿಯಾಯಿತು. ಮುದುಕ ಹೊರಟ ದಿನ ಪಾತ್ರೆಯ ಗಂಟನ್ನು ಬಸ್ಸಿಗೆ ಏರಿಸಲು ಹೋದವನು ತಾನೂ ಏರಿದ. ನಾಲ್ಕು ಊರು ನೋಡಿಕೊಂಡು ಬರುತ್ತೇನೆಂದು ಕಂಡಕ್ಟರನ ಕೈಲಿ ಹೇಳಿ ಕಳಿಸಿದ.

ಸಣ್ಣಕ್ಕ ನನ್ನ ಗಿರಣಿಯ ಬಾಗಿಲಿಗೆ ಬಂದದ್ದು ದೀಪಾವಳಿ ಹತ್ತಿರವಿದ್ದಾಗ. ಕೈಯಲ್ಲಿ ಹಿಟ್ಟಿನ ಡಬ್ಬಿ ಇರಲಿಲ್ಲ. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತಿದ್ದರು. ನಾನು ಎಂಜಿನ್ ನಿಲ್ಲಿಸಿ ಅವರ ಹಿಂದೆ ಹೋದೆ.

ಆ ಮನೆಯ ಹಿಂಬದಿಯ ಗೋಡೆಯಲ್ಲಿ ಬಾಗಿಲು ಬಂದಿತ್ತು. ಅವರೆಚಪ್ಪರವಿದ್ದ ಜಾಗ ಅದು. ಯಾರೂ ಒಳಗೆ ಕಾಲಿಟ್ಟಿರಲಿಲ್ಲ. ಮಕ್ಕಳು ಹೊಸ್ತಿಲಿನ ಈಚೆ ಸಾಲಾಗಿ ನಿಂತು ಇಣುಕುತ್ತಿದ್ದುವು. ಸೂರಪ್ಪ ಬಾಗಿಲಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತಿದ್ದರು. ಹುಟ್ಟಿದಾಗಿನಿಂದ ಒಂದೇ ಚಾಪೆಯಲ್ಲಿ ಮಲಗಿದ ತಮ್ಮ. ನನ್ನನ್ನು ನೋಡಿ ತಲೆ ಎತ್ತಿದರು.

“ಏನಾಗೋಯ್ತೋ ಅವನಿಗೆ,” ಅಂದರು. “ನಮಗೆ ಇದೆಲ್ಲ ಗೊತ್ತಿಲ್ಲ ಕಣಮ್ಮ. ಏನು ಮಾಡ್ತಾರೆ ಇದಕ್ಕೆ?”

“ಏನೂ ಮಾಡಬ್ಯಾಡಿ ಮಾವ,” ಅಂದೆ. “ಬಾಗಿಲು ಹಾಕಬ್ಯಾಡಿ, ಸಾಮಾನು ತುಂಬಬ್ಯಾಡಿ. ದಿನಾ ಒಂದ್ಸಲ ಗುಡಿಸಿ.”

“ಎಷ್ಟು ದಿನ?”

ಪೊರಕೆ ತೆಗೆದುಕೊಂಡು ನಾನೇ ಮೊದಲು ಒಳಗೆ ಹೋದೆ. ಹೊಸ ಕೋಣೆಯಲ್ಲಿ ಕಸವೆಲ್ಲಿಂದ ಬರಬೇಕು, ಆದರೂ ಗೋಡೆಯಿಂದ ಗೋಡೆಗೆ ಗುಡಿಸಿದೆ. ಹೊಸ್ತಿಲಿಗೆ ಅರಿಸಿನ ಹಚ್ಚುವಾಗ ಸಣ್ಣಕ್ಕನ ಕೈ ಹಿಡಿದುಕೊಂಡು ಹಚ್ಚಿಸಿದೆ. ಸೂರಪ್ಪ ಕೊನೆಗೆ ಎದ್ದು ಬಂದು ಒಳಗೆ ನಿಂತರು. ಅಷ್ಟು ಖಾಲಿ ಜಾಗದಲ್ಲಿ ನಿಂತು ಅವರಿಗೆ ಅಭ್ಯಾಸವಿರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಯ ಮೇಲೆ ಕಟ್ಟಿಕೊಂಡರು, ಬಿಟ್ಟರು, ಮತ್ತೆ ಕಟ್ಟಿಕೊಂಡರು. ಅವತ್ತು ಪುರಸಭೆಯವರು ಬಂದಾಗ ನಿನಗೆ ಎಷ್ಟು ಕಷ್ಟ ಆಗಿರಬೇಕು ಅಂದರು. ಅಷ್ಟೇ ಅಂದದ್ದು. ನಾನು ಪೊರಕೆಯನ್ನು ಮೂಲೆಗೆ ಒರಗಿಸಿದೆ.

ಊಟ ಮಾಡಿಕೊಂಡೇ ಹೋಗಬೇಕೆಂದು ಸಣ್ಣಕ್ಕ ಬಿಡಲಿಲ್ಲ. ಪಕ್ಕದಲ್ಲಿ ಒಂದು ಇಡೀ ಕೋಣೆ ತೆರೆದುಕೊಂಡಿದ್ದರೂ ಎಲ್ಲರೂ ಹಳೆಯ ಕೋಣೆಯಲ್ಲೇ ಕೂತರು. ಮೊಣಕಾಲಿಗೆ ಮೊಣಕಾಲು ತಗಲುತ್ತಿತ್ತು. ನನ್ನ ಒಂದು ತೋಳಿಗೆ ಸೊಸೆ, ಇನ್ನೊಂದಕ್ಕೆ ಯಾವುದೋ ಮಗು. ಒಬ್ಬರ ತಟ್ಟೆಯಿಂದ ಒಬ್ಬರು ಹಪ್ಪಳ ಮುರಿದುಕೊಳ್ಳುತ್ತಿದ್ದರು. ಅಳುತ್ತಲೇ ಬಡಿಸುತ್ತಿದ್ದ ಸಣ್ಣಕ್ಕ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ಮುದ್ದೆ ಹಾಕಿದರು. ನಾನು ಎಷ್ಟು ನಿಧಾನವಾಗಿ ಉಣ್ಣಬಹುದೋ ಅಷ್ಟು ನಿಧಾನವಾಗಿ ಉಂಡೆ. ಕೊನೆಗೆ ಏಳಲೇಬೇಕಾಯಿತು. ಬಾವಿಕಟ್ಟೆಗೆ ಹೋಗಿ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಳ್ಳುತ್ತಾ ಹೇಳಿ ಹೋಗೋಣವೆಂದು ಬಾಗಿಲಲ್ಲಿ ಇಣುಕಿದೆ. ಸೊಸೆ ಸ್ವಲ್ಪ ಈ ಕಡೆ ಸರಿದಿದ್ದಳು, ಮಗು ಸ್ವಲ್ಪ ಆ ಕಡೆ. ನಾನು ಕೂತಿದ್ದ ಜಾಗ ಅಷ್ಟರಲ್ಲೇ ಮುಚ್ಚಿಹೋಗಿತ್ತು.